ಗಿರಿಯಾನ ಮೀಮಾಂಸೆ: ವಸಂತ್ ಕುಂಜ್ ಶಾಖೆ

ಯಾವ ಶಾಸ್ತ್ರಗ್ರಂಥವಾದರೂ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ನಾಲ್ಕನ್ನು ಮೊದಲಿಗೇ ಹೇಳಿಬಿಡಬೇಕು ಎಂಬುದು ಹಿರಿಯರ ಕಟ್ಟಳೆ. ಈ ಗ್ರಂಥದ ವಿಷಯ, ಬೇಸಿಗೆ ರಜೆಯಲ್ಲಿ ಮಕ್ಕಳು ಮರಿ ಕಟ್ಟಿಕೊಂಡು ಬೆಟ್ಟ ಹತ್ತುವ ಯೋಜನೆ. ಪ್ರಯೋಜನ, ಹತ್ತಿ ಇಳಿದ ಮೇಲೂ ಸಂಸಾರ ಒಂದಾಗಿಯೇ ಉಳಿಯುವುದು. ಸಂಬಂಧ, ನಾದಿನಿಯ ಕುಟುಂಬವೂ ಜೊತೆಗೆ ಬರುವುದರಿಂದ, ಬಹಳ ನಾಜೂಕಿನದು. ಇನ್ನು ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ದೆಹಲಿಯ ವಸಂತ್ ಕುಂಜ್‌ನ ಡಿಡಿಎ ಫ್ಲ್ಯಾಟಿನಲ್ಲಿ ವಾಸಿಸುವ, ಶಾಲೆಗೆ ಹೋಗುವ ಮಕ್ಕಳುಳ್ಳ ಕನ್ನಡ ಗೃಹಸ್ಥ. ಆತ ಕೇಂದ್ರ ಸರ್ಕಾರದಲ್ಲೂ ಅಧಿಕಾರಿಯಾಗಿದ್ದರೆ ಒಂದು ಅಧ್ಯಾಯ ಹೆಚ್ಚು ಓದಬೇಕಾಗುತ್ತದೆ.

ಮಂಗಳಾಚರಣೆ ಬೆಳಿಗ್ಗೆ ಎಂಟಕ್ಕೆ. ರೈಲ್ವೆಯ ಮುಂಗಡ ಬುಕಿಂಗ್ ತೆರೆಯುವ ಮುಹೂರ್ತ ಅದು. ಮೊದಲು 120 ದಿನ ಮುಂಚೆಯೇ ತೆರೆಯುತ್ತಿದ್ದ ಈ ಬಾಗಿಲು 2024ರ ನವೆಂಬರ್ 1ರಿಂದ 60 ದಿನಕ್ಕೆ ಬಂದು ನಿಂತಿದೆ. ನಾಲ್ಕು ತಿಂಗಳು ನಡೆಯುತ್ತಿದ್ದ ದಾಂಪತ್ಯ ಕಲಹ ಎರಡೇ ತಿಂಗಳಿಗೆ ಇಳಿದದ್ದು ಇದರ ಪುಣ್ಯ.

ಸೂತ್ರ 1: ಮಾವಿದ್ದಾಗ ರಜೆಯಿಲ್ಲ, ರಜೆಯಿದ್ದಾಗ ಮಾವಿಲ್ಲ.

ಈ ಸೂತ್ರಕ್ಕೆ ಪೂರ್ವಪಕ್ಷ ಹೂಡುವವರು ತೀರ್ಥಹಳ್ಳಿಯ ಅಜ್ಜಿ, ಫೋನಿನಲ್ಲಿ. "ನಮ್ಮನೆ ಹಿಂದೆ ಗುಡ್ಡ ಇಲ್ವಾ ಮಾರಾಯ? ದುಡ್ಡು ಕೊಟ್ಟು ಇನ್ನೊಬ್ರ ಗುಡ್ಡ ಹತ್ಬೇಕಾ?" ವಾದ ಬಲವಾದದ್ದು, ಮೇಲ್ನೋಟಕ್ಕೆ ಉತ್ತರವೇ ಇಲ್ಲ. ಆದರೆ ಸಿದ್ಧಾಂತಿ ಪಂಚಾಂಗ ಬಿಚ್ಚುತ್ತಾನೆ. ಕರ್ನಾಟಕದ ಶಾಲೆಗಳಿಗೆ ಬೇಸಿಗೆ ರಜೆ ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ. ದೆಹಲಿಯಲ್ಲಿ ಮೇ ನಡುವಿನಿಂದ ಜೂನ್ ಕೊನೆಯವರೆಗೆ. ಇಲ್ಲಿನ ಮಕ್ಕಳು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಎರಡು ರಾತ್ರಿ ಕಳೆದು, ಬೆಂಗಳೂರಿನಲ್ಲಿಳಿದು, ಮತ್ತೊಂದು ಬಸ್ಸು ಹಿಡಿದು ಅಜ್ಜಿಮನೆ ಸೇರುವ ಹೊತ್ತಿಗೆ ಅಲ್ಲಿನ ದೊಡ್ಡಪ್ಪನ ಮಕ್ಕಳು ಹೊಸ ಪುಸ್ತಕಕ್ಕೆ ಕಂದು ರಟ್ಟು ಹಾಕಿಸಿಕೊಂಡು ಶಾಲೆಗೆ ಹೊರಟಿರುತ್ತಾರೆ. ಜೂನ್ ಮೊದಲ ವಾರಕ್ಕೆ ಮುಂಗಾರು ಕರಾವಳಿ ಹತ್ತುತ್ತದೆ, ಅದರ ಹಿಂದೆಯೇ ಮಲೆನಾಡಿಗೂ ನುಗ್ಗುತ್ತದೆ. ಮಾವಿನಹಣ್ಣು ಮುಗಿದಿರುತ್ತದೆ. ಉಳಿದದ್ದು ಹಲಸು, ಇಂಬಳ ಮತ್ತು ಕರೆಂಟಿಲ್ಲದ ಸಂಜೆ. ದೆಹಲಿಯ ಮಗುವಿಗೆ ಈ ಮೂರರಲ್ಲಿ ಯಾವುದರ ಅಭ್ಯಾಸವೂ ಇಲ್ಲ.

ಪೂರ್ವಪಕ್ಷದವರಿಗೆ ಸಮಾಧಾನವಾಗಲೆಂದು ಒಂದು ಲೆಕ್ಕ ಕೊಡಬಹುದು. ಕರ್ನಾಟಕದಲ್ಲೇ ಎತ್ತರವಾದ ಮುಳ್ಳಯ್ಯನಗಿರಿಯ ನೆತ್ತಿ 1,930 ಮೀಟರ್. ನೈನಿತಾಲಿನಲ್ಲಿ ಕೆರೆಯ ನೀರೇ ಸರಿಸುಮಾರು ಆ ಎತ್ತರದಲ್ಲಿದೆ. ನಮ್ಮ ಶಿಖರ ಮುಗಿಯುವಲ್ಲಿ ಅವರ ಬೋಟಿಂಗ್ ಶುರು. ಅಜ್ಜಿ ಇದನ್ನು ಕೇಳಿ "ಹೌದನಾ" ಎಂದು ಫೋನಿಟ್ಟರೆ ವಾದ ಗೆದ್ದಿರಿ ಎಂದುಕೊಳ್ಳಬೇಡಿ.

ಇನ್ನು ಪ್ರಮಾಣ ವಿಚಾರ. ದೆಹಲಿ ಬಿಡಲೇಬೇಕು ಎಂಬುದಕ್ಕೆ ಆಧಾರವೇನು? 2024ರ ಮೇ 29ರಂದು ದೆಹಲಿಯ ಮುಂಗೇಶ್‌ಪುರದ ಸ್ವಯಂಚಾಲಿತ ಮಾಪಕ 52.9 ಡಿಗ್ರಿ ತೋರಿಸಿತು. ಸೆನ್ಸರ್ ಮೂರು ಡಿಗ್ರಿ ಹೆಚ್ಚು ತೋರಿಸಿದೆ ಎಂದು ಹವಾಮಾನ ಇಲಾಖೆ ಆಮೇಲೆ ಹೇಳಿತು. ತಾರ್ಕಿಕರು ಆ ಮೂರು ಡಿಗ್ರಿಯ ಬಗ್ಗೆ ಚರ್ಚಿಸಲಿ, ಉಳಿದ ಐವತ್ತರ ಬಗ್ಗೆ ನಮಗೆ ಸಂದೇಹವಿಲ್ಲ. ಪ್ರತ್ಯಕ್ಷ ಪ್ರಮಾಣ ಬೇಕಾದರೆ ವಸಂತ್ ಕುಂಜ್‌ನ ಬಚ್ಚಲಿಗೆ ಬನ್ನಿ. ಟೆರೇಸಿನ ಕಪ್ಪು ಟ್ಯಾಂಕಿನಿಂದ ತಣ್ಣೀರಿನ ನಲ್ಲಿಗೆ ಇಳಿಯುವುದು ಕುದಿ ಹತ್ತಿದಂಥ ನೀರು. ಅನುಭವಸ್ಥ ಗೃಹಿಣಿ ಗೀಸರ್ ಆಫ್ ಮಾಡಿಟ್ಟು, ಬಿಸಿನೀರಿನ ನಲ್ಲಿ ತಿರುಗಿಸಿ, ಗೀಸರಿನ ಹೊಟ್ಟೆಯಲ್ಲಿ ರಾತ್ರಿಯಿಂದ ತಂಪಾಗಿ ಕೂತ ನೀರಲ್ಲಿ ಮಕ್ಕಳಿಗೆ ಸ್ನಾನ ಮಾಡಿಸುತ್ತಾಳೆ. ಬಿಸಿಯೇ ತಣ್ಣಗೆ, ತಣ್ಣಗೇ ಬಿಸಿ ಎಂಬ ಈ ಅವಸ್ಥೆ ಬಂದ ದಿನ ಪೆಟ್ಟಿಗೆ ಕಟ್ಟತಕ್ಕದ್ದು. ಸಾವಿರ ಮೀಟರ್ ಏರಿದರೆ ಆರೂವರೆ ಡಿಗ್ರಿ ಇಳಿಯುತ್ತದೆ ಎಂಬುದು ಭೂಗೋಳದ ಮಾತು. ಶಿಮ್ಲಾ ಸುಮಾರು 2,200 ಮೀಟರಿನಲ್ಲಿದೆ. ಉಳಿದದ್ದು ಗುಣಾಕಾರ.

ಎಲ್ಲಿಗೆ ಎಂಬ ಪ್ರಶ್ನೆಯಲ್ಲಿ ಮತಭೇದವಿದೆ. ಆರ್.ಕೆ. ಪುರಂನ ದೆಹಲಿ ಕರ್ನಾಟಕ ಸಂಘದಲ್ಲಿ ಕಾರ್ಯಕ್ರಮ ಮುಗಿದ ಮೇಲೆ ಕಾಫಿ ಲೋಟ ಹಿಡಿದು ನಿಂತವರ ನಡುವೆ ಎರಡು ಪಂಥಗಳನ್ನು ಗುರುತಿಸಬಹುದು. ಅದ್ವೈತಿಗಳ ಪ್ರಕಾರ ಶಿಮ್ಲಾ, ಮಸೂರಿ, ನೈನಿತಾಲ್ ಎಂಬುವು ಬರಿಯ ನಾಮರೂಪ. ಮೂರರಲ್ಲೂ ಇರುವುದು ಒಂದೇ ಮಾಲ್ ರೋಡು. ಅಲ್ಲಿನ ಸಾಫ್ಟಿ ಐಸ್‌ಕ್ರೀಂ, ಬಾಡಿಗೆ ಕುದುರೆ, ಸ್ಥಳೀಯ ವೇಷ ತೊಡಿಸಿ ಫೋಟೊ ಹಿಡಿಯುವವನು, ಎಲ್ಲವೂ ಏಕಮೇವ. ನೆಲ್ಸನ್ ಮಂಡೇಲಾ ಮಾರ್ಗದ ಮೂರು ಮಾಲುಗಳನ್ನು ಬೆನ್ನಿಗೆ ಹಾಕಿ ಮುನ್ನೂರೈವತ್ತು ಕಿಲೋಮೀಟರ್ ಹೋಗಿ ಮತ್ತೆ ಮಾಲಿನಲ್ಲೇ ನಿಂತವನಿಗೆ ಇದು ಸಾಕ್ಷಾತ್ಕಾರವಾಗುತ್ತದಂತೆ.

ದ್ವೈತಿಗಳು ಇದನ್ನು ಖಂಡಿಸಿ ಪಂಚಭೇದವನ್ನು ಸ್ಥಾಪಿಸುತ್ತಾರೆ. ಜೀವ ಜೀವ ಭೇದ: ಕಿಟಕಿ ಸೀಟಿಗಾಗಿ ಹೊಡೆದಾಡುವ ಎರಡು ಮಕ್ಕಳು ಎಂದಿಗೂ ಒಂದಲ್ಲ. ಜಡ ಜಡ ಭೇದ: ಫೋಟೊದ ಕೋಣೆ ಬೇರೆ, ಸಿಕ್ಕ ಕೋಣೆ ಬೇರೆ. ಫೋಟೊದಲ್ಲಿ ಕಂಡ ಹಿಮಶಿಖರ ಸಿಕ್ಕ ಕೋಣೆಯಲ್ಲಿ ಕ್ಯಾಲೆಂಡರಾಗಿ ತೂಗುತ್ತಿರುತ್ತದೆ. ಜೀವ ಜಡ ಭೇದ: ಸೂಟ್‌ಕೇಸಿಗೆ ಚಕ್ರವಿದೆ, ಮಗುವಿಗಿಲ್ಲ. ಈಶ ಜೀವ ಭೇದ: ಯೋಜನೆ ಹಾಕಿದಾಕೆ ಬೇರೆ, ಸೂಟ್‌ಕೇಸ್ ಹೊರುವಾತ ಬೇರೆ. ಈಶ ಜಡ ಭೇದವೊಂದು ಬಾಕಿ, ಅದರ ನಿರ್ಣಯ ಗೂಗಲ್ ಮ್ಯಾಪಿಗೂ ಯೋಜನೆ ಹಾಕಿದಾಕೆಗೂ ದಾರಿಯಲ್ಲೇ ನಡೆಯಲಿ. ಈ ಲೇಖಕನಿಗೆ ದ್ವೈತವೇ ಸರಿಯೆನ್ನಿಸುತ್ತದೆ.

ಸೂತ್ರ 2: ಸರ್ಕಾರ ಕೊಟ್ಟದ್ದನ್ನು ಬಿಡಬಾರದು.

ಇದು ಅಧಿಕಾರಿಗಳ ಅಧ್ಯಾಯ. ಪುರಾಣದಲ್ಲಿ ಕಾಲವನ್ನು ಯುಗಗಳಾಗಿ ಕಡಿದರೆ ಕೇಂದ್ರ ಸರ್ಕಾರದಲ್ಲಿ ನಾಲ್ಕು ವರ್ಷದ ಬ್ಲಾಕುಗಳಾಗಿ ಕಡಿಯುತ್ತಾರೆ. 2022–25ರ ಬ್ಲಾಕು ಕಳೆದು 2026–29ರದು ಬಂದಿದೆ. ಒಂದು ಬ್ಲಾಕಿನಲ್ಲಿ ಸರ್ಕಾರದ ಖರ್ಚಿನಲ್ಲಿ ಎರಡು ಸಲ ಸ್ವಂತ ಊರಿಗೆ ಹೋಗಬಹುದು, ಇಲ್ಲವೇ ಒಮ್ಮೆ ಊರಿಗೂ ಒಮ್ಮೆ ಭಾರತದಲ್ಲಿ ಎಲ್ಲಿಗಾದರೂ ಹೋಗಬಹುದು. ಇದಕ್ಕೆ ಎಲ್‌ಟಿಸಿ ಎಂದು ಹೆಸರು. ಸ್ವಂತ ಕಾರಿನಲ್ಲಿ ಹೋದರೆ ಕಾಸು ಹುಟ್ಟುವುದಿಲ್ಲ. ಆದ್ದರಿಂದ ಕಾರಿದ್ದೂ ರೈಲು ಹತ್ತುವ ವೈರಾಗ್ಯ ಈ ವರ್ಗಕ್ಕೆ ಸಹಜ. ಅವರಿಗೆ ಕಾಲ್ಕಾ–ಶಿಮ್ಲಾ ಪುಟ್ಟ ರೈಲು ಹೇಳಿ ಮಾಡಿಸಿದಂಥದ್ದು. 1903ರಲ್ಲಿ ಓಡತೊಡಗಿದ ಈ ರೈಲಿಗೆ 96 ಕಿಲೋಮೀಟರ್ ದಾರಿ, ನೂರಕ್ಕೂ ಹೆಚ್ಚು ಸುರಂಗ. ಪ್ರತಿ ಸುರಂಗದಲ್ಲೂ ಇಡೀ ಬೋಗಿಯ ಮಕ್ಕಳು ಒಟ್ಟಿಗೆ ಕಿರುಚುವುದು ಸಂಪ್ರದಾಯ. 33ನೆಯದು ಬರೋಗ್, ಒಂದು ಕಿಲೋಮೀಟರಿಗೂ ಉದ್ದ. ಅಷ್ಟುದ್ದ ಕಿರುಚಲು ಉಸಿರಿಲ್ಲದೆ ಮಕ್ಕಳು ಮಧ್ಯದಲ್ಲಿ ಸುಮ್ಮನಾಗುತ್ತಾರೆ. ಇಡೀ ಪ್ರವಾಸದಲ್ಲಿ ಅಪ್ಪಂದಿರಿಗೆ ಸಿಗುವ ವಿಶ್ರಾಂತಿ ಇದೇ.

ಮಕ್ಕಳೊಂದಿಗೆ ಹಿಮಾಲಯ ಏರಿದ್ದಕ್ಕೆ ಪ್ರಾಚೀನ ಆಧಾರ ವನಪರ್ವದಲ್ಲಿದೆ. ಗಂಧಮಾದನ ಏರುವಾಗ ದ್ರೌಪದಿ ಬಸವಳಿದು ಬಿದ್ದಳು. ಭೀಮ ನೆನೆದ ಕೂಡಲೇ ಮಗ ಘಟೋತ್ಕಚ ಪರಿವಾರದೊಂದಿಗೆ ಬಂದು ಎಲ್ಲರನ್ನೂ ಹೊತ್ತು ಬದರಿಗೆ ಮುಟ್ಟಿಸಿದ. ಆ ಯುಗದಲ್ಲಿ ಮಕ್ಕಳು ಹಿರಿಯರನ್ನು ಹೊರುತ್ತಿದ್ದರು ಎಂಬುದನ್ನು ಗಮನಿಸಿ. ಮುಂದೆ ದ್ರೌಪದಿ ಸೌಗಂಧಿಕಾ ಪುಷ್ಪ ಬೇಕೆಂದಳು. ಈಗ ಆ ಜಾಗದಲ್ಲಿ ಮ್ಯಾಗಿ ಇದೆ. ಮನೆಯಲ್ಲಿ ದಿನವೂ ಸಿಗುವುದನ್ನೇ ತಿರುವಿನ ಅಂಚಿನ ತಗಡಿನಂಗಡಿಯಲ್ಲಿ ತಿನ್ನಬೇಕೆಂದು ಮಗು ಹಟ ಹಿಡಿದರೆ ತಂದುಕೊಡದೆ ವಿಧಿಯಿಲ್ಲ. ಆ ಹೂವಿನ ದಾರಿಯಲ್ಲೇ ಭೀಮ ಹನುಮಂತನ ಬಾಲ ಎತ್ತಲಾರದೆ ಗರ್ವ ಕಳೆದುಕೊಂಡ. ಶಿಮ್ಲಾದ ಜಾಖೂ ಗುಡ್ಡದಲ್ಲಿ ಹನುಮಂತನ ಪರಿವಾರ ಈಗಲೂ ಆ ಪಾಠ ಹೇಳಿಕೊಡುತ್ತಿದೆ, ಯಾತ್ರಿಕರ ಕನ್ನಡಕ ಕಿತ್ತುಕೊಂಡು. ಕಡಲೆ ಕೊಟ್ಟರೆ ವಾಪಸು ಕೊಡುವುದೂ ಉಂಟು.

ಆಹಾರ ಪ್ರಕರಣ ಚಿಕ್ಕದು. ಕೋಡುಬಳೆ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜು ಒಯ್ಯಿರಿ. ಪುಟ್ಟ ಎಲೆಕ್ಟ್ರಿಕ್ ಪಾತ್ರೆಯಲ್ಲಿ ಸಾರು ಮಾಡಿಯೇನೆಂಬ ಆಸೆ ಬೇಡ. 2,000 ಮೀಟರಿನಲ್ಲಿ ನೀರು 93 ಡಿಗ್ರಿಯ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ಕುಕ್ಕರ್ ಇಲ್ಲದೆ ಅಲ್ಲಿ ಯಾರ ಬೇಳೆಯೂ ಬೇಯುವುದಿಲ್ಲ.

ಸೂತ್ರ 3: ಎರಡು ಪ್ರಮಾಣಗಳು ವಿರೋಧಿಸಿದರೆ ಹೊಟ್ಟೆಯೇ ಪ್ರಮಾಣ.

ಬೆಟ್ಟದ ತಿರುವುಗಳಲ್ಲಿ ಕಿವಿಯೊಳಗಿನ ದ್ರವ "ತಿರುಗುತ್ತಿದ್ದೇವೆ" ಎನ್ನುತ್ತದೆ. ಮೊಬೈಲಿಗೆ ಅಂಟಿದ ಕಣ್ಣು "ಎಲ್ಲವೂ ನಿಂತಿದೆ" ಎನ್ನುತ್ತದೆ. ಈ ವಿರೋಧದ ತೀರ್ಪು ಹಿಂದಿನ ಸೀಟಿನಲ್ಲಿ ಹೊರಬೀಳುತ್ತದೆ. ನವ್ಯರು ಮಾತ್ರೆ ಎನ್ನುತ್ತಾರೆ, ಅಜ್ಜಿಯಂದಿರು ಮೂಸಲು ನಿಂಬೆಹಣ್ಣು ಎನ್ನುತ್ತಾರೆ. ಮಗುವಿನ ಕೈಯ ಮೊಬೈಲ್ ಕಿತ್ತುಕೊಂಡು ದೂರದ ಗುಡ್ಡ ತೋರಿಸಬೇಕು ಎಂಬುದಕ್ಕೆ ಇಬ್ಬರ ಒಪ್ಪಿಗೆಯೂ ಇದೆ. ಹಿಮಾಚಲದಲ್ಲಿ ಪ್ಲಾಸ್ಟಿಕ್ ಕೈಚೀಲ ನಿಷೇಧ. ಬಟ್ಟೆ ಚೀಲ ಈ ಕೆಲಸಕ್ಕೆ ಒದಗದು ಎಂಬುದನ್ನು ಮೊದಲೇ ಯೋಚಿಸಿ.

ಕೊನೆಯದಾಗಿ, ಶಿಮ್ಲಾಕ್ಕೆ ಕಾರಿನಲ್ಲಿ ಹೋಗುವವರಲ್ಲಿ ವಿನಂತಿ. ಶುಕ್ರವಾರ ಸಂಜೆ ಹೊರಡಬೇಡಿ, ಅರ್ಧ ದೆಹಲಿ ಅದೇ ದಾರಿಯಲ್ಲಿರುತ್ತದೆ. ವಾರದ ನಡುವೆ, ಬೆಳಗಿನ ಜಾವ ನಾಲ್ಕಕ್ಕೆ ಹೊರಡಿ. ಮುರ್ಥಲ್‌ನ ಢಾಬಾದಲ್ಲಿ ಮಕ್ಕಳಿಗೆ ಆಲೂ ಪರಾಠೆ ಧಾರಾಳವಾಗಿ ಕೊಡಿಸಿ, ಮೇಲಿನ ಬೆಣ್ಣೆಯುಂಡೆಯನ್ನು ಮಾತ್ರ ನೀವೇ ತಿಂದುಬಿಡಿ. ಪರ್ವಾಣೂ ದಾಟಿ ತಿರುವುಗಳು ಶುರುವಾದರೆ ಮೊದಲು ವಾಪಸು ಬರುವುದು ಅದೇ.