ಜಲಾಸ್ತ್ರ ಪ್ರಯೋಗ

ಪೊರಕೆ, ಬಕೆಟ್ಟು, ಫಿನಾಯಿಲುಗಳೆಂಬ ತ್ರಿಮೂರ್ತಿಗಳ ಕೃಪೆಯಿಂದ ಬೆಂಗಳೂರಿನ ಬಡಾವಣೆಗಳಲ್ಲಿ ಸಂಪು, ಟ್ಯಾಂಕುಗಳನ್ನು ತೊಳೆದು ಮರ್ಯಾದೆಯಿಂದ ಜೀವನ ಸಾಗಿಸುತ್ತಿದ್ದ ನಮ್ಮ ನೆರೆಯ ಗೃಹಸ್ಥರಿಗೆ, ಇದ್ದಕ್ಕಿದ್ದಂತೆ ಪ್ರೆಶರ್ ವಾಷರ್ ಎಂಬ ಯಂತ್ರದ ಮೇಲೆ ಮೋಹವುಂಟಾದುದು ಜಾತಕದ ದೋಷವೋ, ಮಳೆಗಾಲದ ಪಾಚಿಯ ಪ್ರಭಾವವೋ, ಹೇಳಬಲ್ಲವರಾರು? ಕಾರಿನ ಟೈರಿನೊಳಗಿನ ಗಾಳಿಗೆ ಸುಮಾರು 2 ಬಾರ್ ಒತ್ತಡವಿದ್ದರೆ, ಈ ಪುಟ್ಟ ಯಂತ್ರವು 100 ಬಾರ್‌ಗೂ ಮಿಕ್ಕ ಒತ್ತಡದಿಂದ ನೀರನ್ನು ಚಿಮ್ಮಿಸುವುದೆಂಬುದನ್ನರಿತ ಮೇಲಂತೂ ಅವರ ನಡಿಗೆಯಲ್ಲಿಯೇ ಕ್ಷಾತ್ರತೇಜಸ್ಸು ಗೋಚರಿಸತೊಡಗಿತು.

ಆದರೆ ಅಸ್ತ್ರವಿದ್ದಮಾತ್ರಕ್ಕೆ ಎಲ್ಲರೂ ಅರ್ಜುನರಾಗರು. ಯಂತ್ರದ ಮೂತಿಗೆ ಸಿಕ್ಕಿಸುವ ಬಿಳಿಯ ನಾಜಲು ನೀರನ್ನು 40 ಡಿಗ್ರಿಗೆ ಹರಡಿ ಸಾತ್ತ್ವಿಕವಾಗಿ ತೊಳೆಯುವುದು. ಹಸುರಿನದು 25, ಹಳದಿಯದು 15. ಕೆಂಪಿನದಾದರೋ 0 ಡಿಗ್ರಿಯ ಏಕಾಗ್ರತೆಯಿಂದ ಪಾಚಿಯೊಡನೆ ಬಣ್ಣವನ್ನೂ, ಬಣ್ಣದೊಡನೆ ಹಳೆಯ ಗಾರೆಯನ್ನೂ ಕಿತ್ತೆಸೆಯಬಲ್ಲುದು. ಮೊದಲ ಗಿರಾಕಿಯ ಕಾಂಪೌಂಡು ಗೋಡೆಗೆ ಈ ಕೆಂಪಿನದೇ ಪ್ರಯೋಗವಾಗಿ, ‘ಇಲ್ಲಿ ಜಾಹೀರಾತು ಅಂಟಿಸಬಾರದು’ ಎಂಬ ಬರಹವು ನಿರ್ನಾಮವಾದ ಮರುದಿನವೇ ಟ್ಯೂಷನ್ನಿನವರೂ ಪೀಜಿಯವರೂ ಅಲ್ಲಿ ಸಾಲಾಗಿ ನೆಲಸಿದರು.

2024ರ ಮಾರ್ಚಿನಲ್ಲಿ ಕುಡಿಯುವ ನೀರಿನಿಂದ ವಾಹನ ತೊಳೆದವರಿಗೆ ಜಲಮಂಡಳಿಯು 5000 ರೂಪಾಯಿ ದಂಡ ಗೊತ್ತುಪಡಿಸಿದ ಊರಿದು. ಯಾರಾದರೂ ಅದನ್ನು ನೆನಪಿಸಿದರೆ, “ನಿಮಿಷಕ್ಕೆ ಆರೇಳು ಲೀಟರು ಮಾತ್ರ ಸ್ವಾಮಿ, ನಿಮ್ಮ ತೋಟದ ಪೈಪು ಇದಕ್ಕಿಂತ ಹೆಚ್ಚು ಕುಡಿಯುತ್ತದೆ” ಎಂದು ನಮ್ಮ ಗೃಹಸ್ಥರು ಶಾಸ್ತ್ರೋಕ್ತವಾಗಿ ಸಮಾಧಾನ ಹೇಳುತ್ತಾರೆ. ಅನುಭವದಿಂದ ವ್ಯವಹಾರಜ್ಞಾನವೂ ಪಕ್ವವಾಗಿರುವುದರಿಂದ, ಈಗೀಗ ಗೋಡೆ ತೊಳೆಯುವ ಬಿಲ್ಲಿನ ಜೊತೆಗೇ ಸುಣ್ಣಬಣ್ಣ ಬಳಿಯುವ ದರಪಟ್ಟಿಯನ್ನೂ ಲಗತ್ತಿಸುತ್ತಿದ್ದಾರೆ.