ರೊಟ್ಟಿ, ಹಿಂಡಿ ಮತ್ತು ಹೇಳದೆ ಬಂದ ಬೀಗರು: ಗೊಳಸಂಗಿ ಸೀಮೆಯನ್ನು ಅನುಲಕ್ಷಿಸಿ ಒಂದು ಅಧ್ಯಯನ

ಕನ್ನಡ ವಿದ್ವತ್ ಲೋಕ ಶಾಸನ, ಛಂದಸ್ಸು, ಕೈಫಿಯತ್ತು, ಕವಿಗಳ ಹುಟ್ಟೂರಿನ ತಕರಾರು ಇವುಗಳ ಮೇಲೆ ಸಾಕಷ್ಟು ಕಾಗದ ಖರ್ಚು ಮಾಡಿದೆ. ಆದರೆ ಹದಿನೆಂಟು ರೊಟ್ಟಿ ಇದ್ದ ಬುಟ್ಟಿಯ ಸುತ್ತ ಹನ್ನೊಂದು ಮಂದಿ ಕೂತು, ಎಲ್ಲರೂ ಹೊಟ್ಟೆತುಂಬ ಉಂಡು ಎದ್ದ ಮೇಲೂ ಬುಟ್ಟಿಯ ತಳದಲ್ಲಿ ಎರಡು ರೊಟ್ಟಿ ಉಳಿದಿರುವುದು ಹೇಗೆ ಎಂಬ ಮೂಲಭೂತ ಪ್ರಶ್ನೆಯನ್ನು ಯಾವ ಪೀಠವೂ ಕೈಗೆತ್ತಿಕೊಂಡಂತಿಲ್ಲ. ಆ ಕೊರತೆಯನ್ನು ತುಂಬುವುದೇ ಪ್ರಸ್ತುತ ಪ್ರಬಂಧದ ಘನ ಉದ್ದೇಶ. ಅಧ್ಯಯನದ ವ್ಯಾಪ್ತಿ ಗೊಳಸಂಗಿ ಮತ್ತು ಸುತ್ತಲಿನ ಬಸವನಬಾಗೇವಾಡಿ ಸೀಮೆ. ಇಂಡಿ, ಸಿಂದಗಿ, ಮುದ್ದೇಬಿಹಾಳಗಳಿಗೂ ವಿಸ್ತರಿಸುವ ಇರಾದೆ ಇತ್ತು. ಉಂಡ ಮೇಲೆ ಏಳಲಾಗಲಿಲ್ಲವಾಗಿ ಕೈಬಿಡಲಾಯಿತು.

ಮೊದಲು ಪೂರ್ವಸೂರಿಗಳ ಸಮೀಕ್ಷೆ. ಕ್ರಿ.ಶ. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ತನ್ನ ‘ಲೋಕೋಪಕಾರ’ದಲ್ಲಿ ಅಡುಗೆಗೊಂದು ಅಧ್ಯಾಯ ಮೀಸಲಿಟ್ಟ. ಮುಂದೆ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ ಬರೆದು, ಹೊಲದ ಇಲಿಯನ್ನು ಹದಮಾಡುವ ಕ್ರಮಕ್ಕೂ ಶ್ಲೋಕ ವ್ಯಯಿಸಿದ. ಹದಿನಾರನೆಯ ಶತಮಾನದ ಮೊದಲಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲೇ ಬೇಯಿಸಿದ. ಮೂವರೂ ಮಾನ್ಯರೇ. ಆದರೆ ಬೀಗರು ಹೇಳದೆ ಬಂದರೆ ಹಿಟ್ಟು ಸಾಲುತ್ತದೋ ಇಲ್ಲವೋ ಎಂದು ಡಬ್ಬಿಯೊಳಗೆ ಇಣುಕಿ ನೋಡುವ ಪ್ರಸಂಗ ಚಕ್ರವರ್ತಿಗೆ ಬಂದಿರಲಾರದು. ಆದ್ದರಿಂದ ಅವರ ಗ್ರಂಥಗಳು ನಮ್ಮ ಸಮಸ್ಯೆಗೆ ಒದಗುವುದಿಲ್ಲ.

ಇಲ್ಲಿ ಕಾಲನಿರ್ಣಯದ ಒಂದು ಸೂಕ್ಷ್ಮವನ್ನು ಎತ್ತಲೇಬೇಕು. ರೊಟ್ಟಿಯ ಪಕ್ಕದಲ್ಲಿ ಅನಾದಿಯಿಂದ ಕೂತಂತೆ ತೋರುವ ಶೇಂಗಾ ಹಿಂಡಿ ಮತ್ತು ಕೆಂಪು ಚಟ್ನಿ ಎರಡೂ ಅರ್ವಾಚೀನ. ಶೇಂಗಾ, ಮೆಣಸಿನಕಾಯಿ ಎರಡರ ತವರೂ ಅಮೆರಿಕ ಖಂಡ. ಪೋರ್ಚುಗೀಸರು ಬಂದ ಮೇಲಷ್ಟೇ ಇವು ನಮ್ಮ ಕಡೆ ಕಾಲಿಟ್ಟದ್ದು. ಎಂದರೆ ಬಾಗೇವಾಡಿಯಲ್ಲಿ ಹುಟ್ಟಿದ ಬಸವಣ್ಣನವರು ಒಂದು ದಿನವಾದರೂ ಖಾರದ ಹಿಂಡಿ ಉಂಡವರಲ್ಲ. ಹನ್ನೆರಡನೆಯ ಶತಮಾನದ ಅಷ್ಟು ದೊಡ್ಡ ಕ್ರಾಂತಿ ಒಂದೂ ಒಣಮೆಣಸಿನಕಾಯಿ ಇಲ್ಲದೆ ನಡೆಯಿತು ಎಂಬುದನ್ನು ಇತಿಹಾಸಕಾರರು ಏಕೆ ಗಮನಿಸಿಲ್ಲವೋ! ಅಗಸಿ ಮತ್ತು ಗುರೆಳ್ಳು ಮಾತ್ರ ನಮ್ಮ ನೆಲಕ್ಕೆ ಹಳಬರು. ಹೀಗಾಗಿ ಹಿರಿತನದ ಪಂಕ್ತಿಯಲ್ಲಿ ಅಗಸಿ ಹಿಂಡಿಗೆ ಮೊದಲ ಮಣೆ ಎಂದು ಈ ಪ್ರಬಂಧ ತೀರ್ಮಾನಿಸುತ್ತದೆ. ಶೇಂಗಾ ಪಕ್ಷದವರು ಸಿಟ್ಟಾಗಬಾರದು.

ಈಗ ರೊಟ್ಟಿಯ ಭೌತಶಾಸ್ತ್ರ. ಎರೆಭೂಮಿಯ ಹಿಂಗಾರಿ ಜೋಳ, ಅದರಲ್ಲೂ ಮಾಲ್ದಂಡಿ, ಇಲ್ಲಿನ ಮುಖ್ಯ ದ್ರವ್ಯ. 1930ರ ದಶಕದಲ್ಲಿ ಸೊಲ್ಲಾಪುರದ ಹತ್ತಿರದ ಮೊಹೋಳದಲ್ಲಿ ಆಯ್ದ ಎಂ 35-1 ತಳಿಯನ್ನು ಇಂದಿಗೂ ಸೀಮೆಯ ರೈತ ಬಿಟ್ಟುಕೊಟ್ಟಿಲ್ಲ; ತಳಿವಿಜ್ಞಾನಿಗಳು ಹೆಚ್ಚು ಇಳುವರಿಯದನ್ನು ತಂದಾಗಲೆಲ್ಲ ಹೆಂಗಸರು ರೊಟ್ಟಿ ಬಡಿದು ನೋಡಿ ತೀರ್ಪು ಕೊಟ್ಟಿದ್ದಾರೆ. ಜೋಳದಲ್ಲಿ ಗ್ಲುಟೆನ್ ಇಲ್ಲ. ತಣ್ಣೀರು ಹಾಕಿ ನಾದಿದರೆ ಹಿಟ್ಟು ಒಂದಾಗುವುದಿಲ್ಲ. ಕುದಿಯುವ ಎಸರು ಬಿದ್ದಾಗ ಪಿಷ್ಟ ಉಬ್ಬಿ ಅಂಟಾಗುತ್ತದೆ, ಜಿಗಿ ಹುಟ್ಟುತ್ತದೆ. ಬೀಸಿಟ್ಟು ಬಹಳ ದಿನವಾದ ಹಿಟ್ಟಿನಲ್ಲಿ ಆ ಜಿಗಿ ಇರುವುದಿಲ್ಲ, ಅಂಚು ಸೀಳುತ್ತದೆ. ಬಡಿದ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲಿನ ಒಣಹಿಟ್ಟನ್ನು ಒದ್ದೆ ಬಟ್ಟೆಯಿಂದ ಸವರಿ, ತಿರುವಿ, ಕೆಂಡದ ಬಾಯಿಗೆ ಹಿಡಿದರೆ ಒಳಗಿನ ಉಗಿ ಎರಡು ಪದರಗಳನ್ನು ಬೇರ್ಪಡಿಸುತ್ತದೆ. ಹತ್ತಿರದ ಕೂಡಗಿಯಲ್ಲಿ ಎನ್‌ಟಿಪಿಸಿಯವರು ತಲಾ 800 ಮೆಗಾವ್ಯಾಟಿನ ಮೂರು ಘಟಕ ಕಟ್ಟಿ ಒಟ್ಟು 2,400 ಮೆಗಾವ್ಯಾಟ್ ಉತ್ಪಾದಿಸುವುದೂ ಉಗಿಯಿಂದಲೇ. ಆದರೂ ತೊಗರಿಕಟ್ಟಿಗೆಯ ಒಲೆ ಆರುವ ಹೊತ್ತಿಗೆ ಅದರ ಮಗ್ಗುಲಿಗೆ ಒರಗಿಸಿಟ್ಟ ರೊಟ್ಟಿ ಕಡಕ್ ಆಗುವ ಆ ಹದ ಯಾವ ಸ್ಥಾವರದ ಕೈಗೂ ಸಿಕ್ಕಿಲ್ಲ.

ರೊಟ್ಟಿ ಬಡಿಯುವ ಸಪ್ಪಳ ನಮ್ಮ ಸಮಸ್ಯೆಯ ಮೊದಲ ಕೀಲಿ. ವಿಜಯಪುರದ ಗೋಲಗುಮ್ಮಟದ ಪಿಸುಮಾತಿನ ಗ್ಯಾಲರಿಯಲ್ಲಿ ಒಂದು ಚಪ್ಪಾಳೆ ಏಳು ಸಲ ಮರುದನಿಸುತ್ತದೆ ಎಂದು ಪ್ರವಾಸಿಗರು ಬೆರಗಾಗುತ್ತಾರೆ. ಓಣಿಯಲ್ಲಿ ಒಂದು ಮನೆಯ ರೊಟ್ಟಿಯ ಸಪ್ಪಳ ಏಳು ಮನೆಗೆ ಕೇಳುತ್ತದೆ. ಅದಕ್ಕೆ ಗುಮ್ಮಟ ಬೇಕಿಲ್ಲ. ಕೇಳಿದವರು ಸುಮ್ಮನೆ ಕೇಳುವುದೂ ಇಲ್ಲ. ದಿನಾ ಇಷ್ಟು ಹೊತ್ತಿಗೆ ನಿಲ್ಲುವ ಸಪ್ಪಳ ಇಂದು ನಿಲ್ಲಲಿಲ್ಲ, ಎಂದರೆ ಬೀಗರು ಬಂದಿದ್ದಾರೆ ಎಂದು ಅನುಮಾನ ಪ್ರಮಾಣದಿಂದ ನಿಶ್ಚಯಿಸುತ್ತಾರೆ. ಸ್ವಲ್ಪ ಹೊತ್ತಿಗೆ ಆ ಮನೆಯಿಂದ ಒಂದು ಬಟ್ಟಲು ಪುಂಡಿಪಲ್ಯ, ಈ ಮನೆಯಿಂದ ನಾಲ್ಕು ಎಣಗಾಯಿ, ಇನ್ನೊಂದು ಕಡೆಯಿಂದ ಬಿಸಿ ರೊಟ್ಟಿಯ ಮಡಿಕೆ. ನೈಯಾಯಿಕರು ಹೊಗೆಯಿಂದ ಬೆಂಕಿಯನ್ನಷ್ಟೇ ಊಹಿಸಿದರು. ಓಣಿಯವರು ಸಪ್ಪಳದಿಂದ ಹಸಿದವರ ಸಂಖ್ಯೆಯನ್ನೇ ಊಹಿಸುತ್ತಾರೆ.

ಎರಡನೆಯ ಕೀಲಿ ಅರ್ಥಶಾಸ್ತ್ರದ್ದು. ಆದಾಯ ಏರಿದಂತೆ ಅದರಲ್ಲಿ ಊಟಕ್ಕೆ ಹೋಗುವ ಪಾಲು ಇಳಿಯುತ್ತದೆ ಎಂದು 1857ರಲ್ಲಿ ಜರ್ಮನಿಯ ಅರ್ನ್‌ಸ್ಟ್ ಏಂಗೆಲ್ ಸಾಧಿಸಿದರು. ಅವರು ಎಳ್ಳ ಅಮವಾಸ್ಯೆಗೆ ಇತ್ತ ಬಂದಿರಲಿಲ್ಲ ಎಂಬುದು ಸ್ಪಷ್ಟ. ಅಂದು ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಸಜ್ಜಿರೊಟ್ಟಿ, ಕಡುಬು, ಭಜ್ಜಿ, ಶೇಂಗಾ ಹೋಳಿಗೆ, ಬಾನ ಎಲ್ಲವನ್ನೂ ಮೊದಲು ಬೆಳೆಗೇ ಚರಗ ಚೆಲ್ಲಿ, ಆಮೇಲೆ ಹಾದಿಹೋಕರನ್ನೂ ಕರೆಕರೆದು ಕೂಡಿಸುತ್ತಾರೆ. ಪೈರಿಗೇ ಊಟ ಬಡಿಸುವವರ ಜಮಾಖರ್ಚನ್ನು ಯಾವ ಸೂತ್ರಕ್ಕೆ ಹೊಂದಿಸುವುದು?

ಆದರೂ ಶಾಸ್ತ್ರದ ಮರ್ಯಾದೆಗಾಗಿ ಒಂದು ಮನೆಯ ಊಟದ ಖರ್ಚಿನ ಪಟ್ಟಿ ತಯಾರಿಸಲಾಯಿತು. ಜೋಳ: ಹೊಲದ್ದು. ಬದನೆಕಾಯಿ: ಬಾವಿಯ ಬದಿಯದ್ದು. ಹಕ್ಕರಕಿ: ಕಡಲೆ ಹೊಲದ ಬದುವಿನದು. ಮಜ್ಜಿಗೆ: ಎಮ್ಮೆಯದು. ಲಿಂಬೆ: ಇಂಡಿಯಿಂದ ಬಂದ ಬೀಗರ ಚೀಲದ್ದು. ನಗದು ಕೊಟ್ಟು ತಂದದ್ದು ಉಪ್ಪು. ಆದ್ದರಿಂದ ಹನ್ನೊಂದು ಜನರ ಊಟದ ಒಟ್ಟು ಖರ್ಚು ಒಂದು ಹಿಡಿ ಉಪ್ಪು ಎಂದು ಬರೆದು, ‘ಕೂಲಿ’ ಎಂಬ ಕಲಮಿನ ಮುಂದೆ ಪೆನ್ನು ನಿಂತಿತು. ಒಲೆಯ ಮುಂದಿದ್ದ ಆಯಿಯನ್ನು ವಿಧ್ಯುಕ್ತವಾಗಿ ವಿಚಾರಿಸಲಾಗಿ, “ಅದನ್ಯಾಕ ಬರೀತಿ ತಮ್ಮಾ, ಅದೇನ ರೊಕ್ಕಾ ಕೊಟ್ಟ ತರೂದ? ರೊಟ್ಟಿ ಆರತಾವ, ಮೊದಲ ಉಣ್ಣು” ಎಂಬ ಹೇಳಿಕೆ ದಾಖಲಾಯಿತು. ಪೇಟೆಯ ರೊಟ್ಟಿ ಕೇಂದ್ರದಲ್ಲಿ ಇದೇ ಬಡಿತಕ್ಕೆ ರೊಟ್ಟಿಗಿಷ್ಟು ಎಂದು ದರ ಇದೆ. ಮನೆಯ ಒಲೆಯ ಮುಂದೆ ಆ ದರ ಸೊನ್ನೆಯಾಗುತ್ತದೆ. ಅಗ್ಗದ ಊಟ ಅಗ್ಗವಾಗಿರುವ ಗುಟ್ಟು ಬಹುಪಾಲು ಈ ಖಾಲಿ ಕಲಮಿನಲ್ಲೇ ಅಡಗಿದೆ ಎಂದು ಪ್ರಬಂಧಕಾರನ ಖಚಿತ ಅಭಿಪ್ರಾಯ.

ಈಗ ಉಳಿದ ಎರಡು ರೊಟ್ಟಿಗೆ ಬರೋಣ. ಓಣಿಯಿಂದ ಬಂದದ್ದನ್ನೂ, ಅಟ್ಟದ ಡಬ್ಬಿಯಿಂದ ಇಳಿಸಿದ ಕಡಕ್ ರೊಟ್ಟಿಯನ್ನೂ, ಬ್ಯಾಳಿಗೆ ಮೆಲ್ಲಗೆ ಸುರಿದ ಒಂದು ತಂಬಿಗೆ ನೀರನ್ನೂ ಲೆಕ್ಕಕ್ಕೆ ಹಿಡಿದರೂ ಗಣಿತ ಕೂಡಿಬರಲಿಲ್ಲ. ಕೊನೆಗೆ ಸಾಕ್ಷಿಗಳ ಮಾತನ್ನು ಮತ್ತೊಮ್ಮೆ ಪರಿಶೀಲಿಸಿದಾಗ, “ನಂದು ಆಗಳೇ ಆಗೈತಿ, ನೀವು ಉಣ್ರಿ” ಎಂಬ ವಾಕ್ಯ ಕಣ್ಣಿಗೆ ಬಿತ್ತು. ನುಡಿದವಳು ಆಯಿ. ಬೆಳಗಿನಿಂದ ಅವಳ ತಾಟು ಗೂಡಿನಿಂದ ಇಳಿದಿರಲೇ ಇಲ್ಲ. ಉಂಡವರು ಹನ್ನೊಂದಲ್ಲ, ಹತ್ತು. ಉಳಿದ ಎರಡು ರೊಟ್ಟಿ ಅವಳದು. ಅದರಲ್ಲೂ ಒಂದು ಹರಿದದ್ದು, ಇನ್ನೊಂದು ಹೊತ್ತಿದ್ದು. ದುಂಡಗಿನವನ್ನೆಲ್ಲ ನಮ್ಮ ತಾಟಿಗೆ ಹಾಕಿದ್ದಳು.

ಇತ್ಯರ್ಥ: ಬುಟ್ಟಿಯಲ್ಲಿ ಪವಾಡವೇನೂ ನಡೆಯುವುದಿಲ್ಲ. ಈ ಸಿದ್ಧಾಂತಕ್ಕೆ ಆಕ್ಷೇಪವಿರುವ ವಿದ್ವಾಂಸರು, ವಿಶೇಷವಾಗಿ ಪುರುಷ ವಿದ್ವಾಂಸರು, ಅದನ್ನು ಲಿಖಿತವಾಗಿ ಕಳಿಸಬೇಕಿಲ್ಲ. ಎಸರಿಟ್ಟು, ತಮ್ಮ ಕೈಯಾರೆ ಬಡಿದು ಸುಟ್ಟ ರೊಟ್ಟಿಯ ರೂಪದಲ್ಲಿ ಗೊಳಸಂಗಿಗೆ ತಂದು, ಮೊದಲು ಆಯಿಯ ತಾಟಿಗೆ ಸಲ್ಲಿಸತಕ್ಕದ್ದು. ಹರಿದ ರೊಟ್ಟಿಯೂ ಸ್ವೀಕೃತ. ಹಿಂಡಿ ನಮ್ಮದು.