ಗುಲಾಬ್-ಮೋಗ್ರಾ ವಿವಾದ: ಪಶ್ಚಿಮ ರೈಲ್ವೆಯ ಬೆಳಕಿನಲ್ಲಿ ಒಂದು ಪರಾಮರ್ಶೆ

ಮಹಮದಲಿ ರೋಡಿನ ಅತ್ತರಿನಂಗಡಿಯಲ್ಲಿ ಬೆರಳುದ್ದದ ಎರಡು ಅಗ್ಗದ ಶೀಸೆಗಳ (ಗುಲಾಬ್ ಒಂದು, ಮೋಗ್ರಾ ಎಂಬ ಮಲ್ಲಿಗೆ ಇನ್ನೊಂದು) ಮುಂದೆ ನಿಂತ ಗೃಹಸ್ಥನು ಯಾವುದನ್ನು ಕೊಳ್ಳತಕ್ಕದ್ದು? ಈ ಪ್ರಶ್ನೆಯನ್ನು ಪೂರ್ವಾಚಾರ್ಯರು ಬಿಡಿಸದೆ ಹೋಗಿದ್ದಾರೆ. ಅವರಿಗೆ ಪುರುಸೊತ್ತಿರಲಿಲ್ಲವೆಂದಲ್ಲ. ವರಾಹಮಿಹಿರನು ಬೃಹತ್ಸಂಹಿತೆಯ ಗಂಧಯುಕ್ತಿಯಲ್ಲಿ ಹದಿನಾರು ದ್ರವ್ಯಗಳಿಂದ ನಾಲ್ಕನ್ನು 1,820 ಬಗೆಯಲ್ಲಿ ಆರಿಸಬಹುದೆಂದು ಲೆಕ್ಕ ಹಾಕಿದ. ಅಳತೆಗಳನ್ನೂ ಅದಲುಬದಲು ಮಾಡಿ 1,74,720 ಪರಿಮಳಗಳವರೆಗೆ ಹೋದ. ಎರಡರಲ್ಲಿ ಒಂದನ್ನು ಆರಿಸುವ ಬಗೆಯನ್ನು ಮಾತ್ರ ಹೇಳಲಿಲ್ಲ. ನಮ್ಮವನೇ ಆದ ಎರಡನೆಯ ಚಾವುಂಡರಾಯ ಸುಮಾರು 1025ರ ‘ಲೋಕೋಪಕಾರ’ದಲ್ಲಿ ನೀರಿನ ಸೆಲೆ ಹುಡುಕುವುದರಿಂದ ಅಡುಗೆಯವರೆಗೆ ಎಲ್ಲ ಹೇಳಿ, ಸುಗಂಧಕ್ಕೂ ಜಾಗ ಕೊಟ್ಟ. ಆದರೆ ಅವನ ಕಾಲಕ್ಕೆ ಲೋಕಲ್ ಟ್ರೇನ್ ಇರಲಿಲ್ಲವಾಗಿ ಅವನ ಮತ ಇಲ್ಲಿ ಅಪ್ರಸ್ತುತ.

ಮೊದಲು ಪದಾರ್ಥ ವಿವೇಚನೆ. ಕನೌಜಿನಲ್ಲಿ ತಾಮ್ರದ ದೇಗಿನಲ್ಲಿ ಗುಲಾಬಿ ಬೇಯಿಸಿ, ಆವಿಯನ್ನು ಶ್ರೀಗಂಧದೆಣ್ಣೆಗೆ ಇಳಿಸಿದ ಅಸಲಿ ಅತ್ತರು ಬೇಕೆಂದರೆ ಬೋರಿವಲಿಯ ಫ್ಲ್ಯಾಟನ್ನು ಅಡವಿಡಬೇಕಾದೀತು. ಪ್ರಸ್ತುತ ಶೀಸೆಗಳೆರಡೂ ಹೂದೋಟ ಕಂಡವಲ್ಲ. ಗುಲಾಬ್‌ನ ಬೆನ್ನೆಲುಬು ಫಿನೈಲ್ ಈಥೈಲ್ ಆಲ್ಕೋಹಾಲ್. ಮೋಗ್ರಾದ್ದು ಬೆಂಜೈಲ್ ಅಸಿಟೇಟ್, ಜೊತೆಗೆ ಚಿಟಿಕೆಯಷ್ಟು ಇಂಡೋಲ್. ಈ ಇಂಡೋಲ್ ಮಲ್ಲಿಗೆಯಲ್ಲೂ ಇದೆ, ಮಲದಲ್ಲೂ ಇದೆ. ಓದುಗರು ಇದನ್ನು ಮಾಹಿಮ್ ಬರುವವರೆಗೆ ನೆನಪಿಡತಕ್ಕದ್ದು.

ಇನ್ನು ಪ್ರಯೋಗ. ಎಡ ಮಣಿಕಟ್ಟಿಗೆ ಗುಲಾಬ್, ಬಲಕ್ಕೆ ಮೋಗ್ರಾ ಹಚ್ಚಿ (“ದಿನ್‌ ಭರ್ ಚಲೇಗಾ, ಅಂಕಲ್” ಎಂಬ ಅಂಗಡಿಯವರ ವಾಕ್ಯ ಇಲ್ಲಿ ಶಬ್ದಪ್ರಮಾಣ) ಮರೀನ್ ಲೈನ್ಸಿನಲ್ಲಿ ಸಂಜೆಯ ಸ್ಲೋ ಹಿಡಿಯುವುದು. ಮೇಲಿನ ಹಿಡಿಕೆಗೆ ಜೋತ ಕೈ ಸ್ವಂತ ಮೂಗಿಗಿಂತ ಪರರ ಮೂಗಿಗೆ ಹತ್ತಿರ. ಸುಗಂಧವು ಪರೋಪಕಾರಾರ್ಥ ಎಂಬುದು ಇದರಿಂದಲೇ ಸಿದ್ಧ. ದಾದರಿನಲ್ಲಿ ಫೂಲ್ ಮಾರ್ಕೆಟಿನ ಪೊಟ್ಟಣ ಹಿಡಿದವರು ಹತ್ತಿದೊಡನೆ ಎರಡಕ್ಕೂ ಮುಖಭಂಗ. ಮಾಹಿಮ್ ದಾಟಿ ಮೀಠಿ ನದಿಯ ಖಾಡಿ ಬಂದಾಗ ನಿಜವಾದ ಅಗ್ನಿಪರೀಕ್ಷೆ. ಗುಲಾಬ್ ನಿಂತಲ್ಲೇ ಶರಣಾಗತ. ಮೋಗ್ರಾ ಮಾತ್ರ ಖಾಡಿಯ ಗಾಳಿಯಲ್ಲಿ ತನ್ನ ದಾಯಾದಿಯನ್ನು ಗುರುತಿಸಿ, ಅದರೊಡನೆ ರಾಜಿಯಾಗಿ, ಹೂವು ಮುಗಿದದ್ದೆಲ್ಲಿ ಖಾಡಿ ಶುರುವಾದದ್ದೆಲ್ಲಿ ಎಂದು ಬಾಂದ್ರಾದವರೆಗೂ ತಿಳಿಯಗೊಡುವುದಿಲ್ಲ. ಇದು ಗೆಲುವೋ ಸೋಲೋ ಎಂಬಲ್ಲಿ ಪಂಡಿತರಲ್ಲಿ ಭಿನ್ನಾಭಿಪ್ರಾಯವಿದೆ. ನನ್ನ ಹೆಂಡತಿಗೆ ಇಲ್ಲ.

ವಿಲೇ ಪಾರ್ಲೆಯ ಇತಿಹಾಸವನ್ನೂ ಇಲ್ಲಿ ಹೇಳಬೇಕು. 1929ರಲ್ಲಿ ಶುರುವಾದ ಪಾರ್ಲೆ ಕಾರ್ಖಾನೆ 2016ರಲ್ಲಿ ಮುಚ್ಚುವ ತನಕ ಬಿಸ್ಕತ್ತಿನ ಘಮ ಬೋಗಿಯೊಳಗೆ ಪುಕ್ಕಟೆ ನುಗ್ಗುತ್ತಿತ್ತು. ಆಗ ಅಲ್ಲಿ ಯಾವ ಅತ್ತರನ್ನೂ ಕೇಳುವವರಿರಲಿಲ್ಲ.

ಪೂರ್ವಪಕ್ಷ: ಶಂಕರಪುರದ ನಿಜ ಮಲ್ಲಿಗೆ ಮುಂಬಯಿಗೂ ಬರುವಾಗ ಶೀಸೆಯ ಹಂಗೇಕೆ? ಉತ್ತರ: ನಾಲ್ಕು ಚೆಂಡಿನ ಒಂದು ಅಟ್ಟೆ ಮದುವೆ ಸೀಸನಿನಲ್ಲಿ ಎರಡು ಸಾವಿರ ರೂಪಾಯಿ ದಾಟಿದ್ದುಂಟು. ನಮ್ಮ ವಿಷಯ ‘ಅಗ್ಗ’.

ಆದ್ದರಿಂದ ಸಿದ್ಧಾಂತ: ಮಾಹಿಮಿಗೆ ಮೊದಲೇ ಇಳಿಯುವವರು ಗುಲಾಬ್ ಕೊಳ್ಳುವುದು; ಖಾಡಿ ದಾಟುವವರು ಮೋಗ್ರಾ. ಈ ಹಳಿಗೇ ಬಾರದ ಚೆಂಬೂರಿನ ಕಡೆಯವರು ಆ ದುಡ್ಡಿಗೆ ವಡಾಪಾವ್ ತಿನ್ನತಕ್ಕದ್ದು.